ತಪ್ಪು ಹೇಳುವ ಸೋಮವಾರ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದು ಕಚೇರಿಯಲ್ಲಿ ಎಲ್ಲರೂ ನನ್ನ ಬೆನ್ನ ಹಿಂದೆ ಹೇಳುವ ಮಾತು, ಕೆಲವರು ಎದುರಿಗೇ ಹೇಳುತ್ತಾರೆ. ಆದರೆ ನೀವೇ ಹೇಳಿ, ವರ್ಷಗಟ್ಟಲೆ ಒಂದೇ ವಾಕ್ಯವನ್ನು ಓದುತ್ತ ಕೂತರೆ ಯಾರಿಗೆ ತಾನೇ ಕೋಪ ಬಾರದು? "ಸಮುದಾಯದ ಸಹಭಾಗಿತ್ವ ಬಹಳ ಮುಖ್ಯ ಎಂಬುದನ್ನು ಕಲಿತೆವು." ಇದೇ ಆ ವಾಕ್ಯ. ಮೂರು ತಿಂಗಳಿಗೊಮ್ಮೆ, ಎಲ್ಲ ಕೇಂದ್ರಗಳಿಂದ, ಒಂದಕ್ಷರ ಹೆಚ್ಚು ಕಮ್ಮಿ ಇಲ್ಲದೆ ನನ್ನ ಮೇಜಿಗೆ ಬಂದು ಬೀಳುತ್ತಿತ್ತು.

ನಾನು ಕೆಲಸ ಮಾಡುವುದು ಹೊರದೇಶದ ಒಂದು ಸೇವಾಸಂಸ್ಥೆಯ ಬೆಂಗಳೂರು ಕಚೇರಿಯಲ್ಲಿ. ಕುಕ್ ಟೌನಿನಲ್ಲಿ ಒಂದು ಹಳೆಯ ಬಂಗಲೆ. ಯಾವ ಕಾಲದಲ್ಲೋ ಉಗ್ರಾಣವಾಗಿದ್ದ ಕೋಣೆ ನನ್ನದು. ಗೋಡೆಯಲ್ಲಿ ಡಬ್ಬಿ ಇಡುವ ಗೂಡುಗಳು ಹಾಗೇ ಇವೆ, ಈಗ ಅವುಗಳಲ್ಲಿ ಫೈಲು. ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆ ಪಾಠ ಹೇಳಿ ಹತ್ತನೇ ಕ್ಲಾಸಿನ ಪರೀಕ್ಷೆ ಕಟ್ಟಿಸುವುದು ಸಂಸ್ಥೆಯ ಕೆಲಸ. ಕೇಂದ್ರ ನಡೆಸುವವರು ನೆಟ್ಟಗೆ ನಡೆಸುತ್ತಿದ್ದಾರೆಯೇ, ಅದರಿಂದ ನಾವೆಲ್ಲ ಏನಾದರೂ ಕಲಿಯುತ್ತಿದ್ದೇವೆಯೇ ಎಂದು ನೋಡುವುದು ನನ್ನ ಕೆಲಸ. ಹುದ್ದೆಗೆ ಮೊಳದುದ್ದದ ಇಂಗ್ಲಿಷ್ ಹೆಸರಿದೆ. ನಮ್ಮ ಬೀದಿಯ ಹೂವಿನವಳು ಒಮ್ಮೆ ಏನು ಕೆಲಸ ಎಂದು ಕೇಳಿದಾಗ, ಬೇರೆಯವರು ಮಾಡಿದ್ದನ್ನು ಕೂತು ಓದುವ ಕೆಲಸ ಎಂದೆ. ಅವಳಿಗೆ ನನ್ನ ಮೇಲೆ ಕನಿಕರ ಬಂದು ಒಂದು ಮೊಳ ಹೂವು ಹೆಚ್ಚಿಗೆ ಕೊಟ್ಟಳು.

ವರದಿಯ ಫಾರಂ ಮಾಡಿದವಳೂ ನಾನೇ. ಎಷ್ಟು ಹುಡುಗಿಯರು, ಎಷ್ಟು ದಿನ ಕೇಂದ್ರಕ್ಕೆ ಬಂದರು, ಗುರಿ ಮುಟ್ಟಿದರೆ ಹಸಿರು, ಹಿಂದೆ ಬಿದ್ದರೆ ಹಳದಿ, ತೀರಾ ಕೆಟ್ಟರೆ ಕೆಂಪು. ಕೊನೆಯಲ್ಲಿ ಒಂದು ಚೌಕ: ಏನು ತಪ್ಪಾಯಿತು, ಅದರಿಂದ ಏನು ಕಲಿತಿರಿ? ಎಲ್ಲರೂ ಎಲ್ಲವನ್ನೂ ಹಸಿರು ಮಾಡಿ, ಕೊನೆಯ ಚೌಕದಲ್ಲಿ ಆ ವಾಕ್ಯ ತುಂಬಿ ಕಳಿಸುತ್ತಿದ್ದರು. ಒಮ್ಮೆ ಕೆ.ಆರ್. ಪುರದ ವರದಿಯಲ್ಲಿ "ಹಲಸೂರಿನ ತಾಯಂದಿರು" ಎಂದಿತ್ತು. ಹಲಸೂರಿನದನ್ನು ನೋಡಿ ಬರೆದವರಿಗೆ ಊರಿನ ಹೆಸರು ಬದಲಾಯಿಸಲೂ ಪುರುಸೊತ್ತಿರಲಿಲ್ಲ. ಫೋನು ಮಾಡಿ ಉಗಿದೆ. ಮುಂದಿನ ಸಲ "ಕೆ.ಆರ್. ಪುರದ ತಾಯಂದಿರು" ಎಂದು ಬಂತು, ಮಿಕ್ಕಿದ್ದೆಲ್ಲ ಅದೇ. ಅವರು ಕಲಿತದ್ದು ಅಷ್ಟು. ಹೊರದೇಶದ ಮುಖ್ಯ ಕಚೇರಿಗೂ ಅಷ್ಟೇ ಸಾಕಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಪೈಕಿ ಅವರು. ಹಸಿರು ಕಂಡರೆ ಚಪ್ಪಾಳೆಯ ಚಿತ್ರ ಕಳಿಸುತ್ತಿದ್ದರು.

ಇಂಥದ್ದರ ನಡುವೆ ಒಂದು ದಿನ ಶಿವಾಜಿನಗರದ ವರದಿ ಬಂತು. ಅಲ್ಲಿನ ಕೇಂದ್ರಕ್ಕೆ ಆಗಷ್ಟೇ ಸೇರಿದ್ದ ಹೆಂಗಸು ಬರೆದದ್ದು. ಕೊನೆಯ ಚೌಕದಲ್ಲಿ ಜಾಗ ಸಾಲದೆ ಹಾಳೆಯ ಹಿಂಬದಿಗೂ ಹರಿದಿತ್ತು. ಹನ್ನೊಂದು ಗಂಟೆಗೆ ಕ್ಲಾಸು ಇಟ್ಟಿದ್ದಳಂತೆ, ಹುಡುಗಿಯರು ಬರಲಿಲ್ಲವಂತೆ, ಅವರಿಗೆ ಓದುವ ಮನಸ್ಸಿಲ್ಲ ಎಂದು ಎರಡು ತಿಂಗಳು ಬೈದುಕೊಂಡಳಂತೆ. ಆಮೇಲೆ ಒಬ್ಬಳ ಮನೆಗೆ ಹೋಗಿ ನೋಡಿದರೆ, ಮಾರುಕಟ್ಟೆಯಿಂದ ಬೆಳ್ಳುಳ್ಳಿಯ ಮೂಟೆ ಹತ್ತು ಗಂಟೆಗೆ ಬರುತ್ತದೆ, ಮನೆಮಂದಿಯೆಲ್ಲ ಕೂತು ಸಿಪ್ಪೆ ಬಿಡಿಸಿ ಎರಡಕ್ಕೆ ವಾಪಸು ಕಳಿಸಬೇಕು. "ಯಾರನ್ನೂ ಕೇಳದೆ ಸಮಯ ಇಟ್ಟದ್ದು ನನ್ನ ತಪ್ಪು. ಈಗ ಮೂರು ಗಂಟೆಗೆ ಇಟ್ಟಿದ್ದೇನೆ. ಹಿಂದಿನ ಎರಡು ತಿಂಗಳಿಗೆ ಕೆಂಪು ಹಾಕಿಕೊಳ್ಳಿ" ಎಂದು ಮುಗಿಸಿದ್ದಳು.

ಕೆಂಪು ಹಾಕಿಕೊಳ್ಳಿ ಎಂದು ತಾನಾಗಿ ಕೇಳಿದವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಕುರ್ಚಿಯಿಂದ ಎದ್ದು ನಿಂತು ಇನ್ನೊಂದು ಸಲ ಓದಿದೆ. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು ಅಂದರೆ ನೀವು ನಗಬಹುದು. ನಗಿ.

ಮಾರನೆಯ ದಿನವೇ ಹೋದೆ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ, ಒಂದು ಅಂಗಡಿಯ ಮೇಲಿನ ಕೋಣೆ ನಮ್ಮ ಕೇಂದ್ರ. ಅವಳಿಗೆ ನಲವತ್ತರ ಮೇಲೆ ವಯಸ್ಸು, ಕೈತುಂಬ ಸೀಮೆಸುಣ್ಣ, ಬುರ್ಖಾವನ್ನು ನೀಟಾಗಿ ಮಡಿಸಿ ಕುರ್ಚಿಯ ಬೆನ್ನಿಗೆ ಹಾಕಿದ್ದಳು. ಮನೆಯಲ್ಲಿ ದಖ್ನಿ ಉರ್ದು, ಕನ್ನಡ ಕಲಿತದ್ದು ಅದೇ ಪೇಟೆಯ ಸರ್ಕಾರಿ ಶಾಲೆಯಲ್ಲಿ. ನಾನು ಮೇಲಿನಿಂದ ಬಂದವಳು ಎಂಬ ಅಂಜಿಕೆ ಒಂದು ಚೂರೂ ಇಲ್ಲ. ಟೀ ತರಿಸಿ ಕೂರಿಸಿ ಕೇಳಿದಳು, "ಫಾರಂ ಮಾಡಿದ್ದು ನೀವಾ ಅಕ್ಕಾ? ಬಾಳ ಚೌಕ ಇಟ್ಟಿದೀರ. ಬೇಕಾಗಿರೋ ಒಂದ್ ಚೌಕ ಮಾತ್ರ ಇಲ್ಲ."

ನನಗೆ ನಗು ಬಂತು. ಅವಳು ಅಕ್ಕಾ ಅಂದದ್ದೇ ಕಿವಿಯಲ್ಲಿ ಉಳಿಯಿತು. ಯಾವ ಚೌಕ ಇಲ್ಲ ಎಂದು ಕೇಳುವುದು ಮರೆತೆ. ಕಚೇರಿಯಲ್ಲಿ ನಾನು ಎಲ್ಲರಿಗೂ ಮೇಡಂ. ಮನೆಯಲ್ಲಿ ಏನಾದರೂ ಅಂದು ಕರೆಯಲು ಯಾರೂ ಇಲ್ಲ.

ಮನೆ ಇರುವುದು ಹೊಸ ತಿಪ್ಪಸಂದ್ರದಲ್ಲಿ, ಮಾರ್ಕೆಟ್ ರಸ್ತೆಗೆ ತಾಗಿದ ಅಡ್ಡರಸ್ತೆ, ಮೊದಲ ಮಹಡಿ. ಅಮ್ಮ ನಾನು ಕಾಲೇಜಿನಲ್ಲಿದ್ದಾಗಲೇ ಹೋದಳು, ಅಪ್ಪ ಕೆಲವು ವರ್ಷದ ಹಿಂದೆ ಹೋದರು. ನನಗೆ ಮದುವೆಯಾಗಲಿಲ್ಲ. ಅದರ ಹಿಂದೆ ದೊಡ್ಡ ಕತೆಯೇನೂ ಇಲ್ಲ, ಆಗಲಿಲ್ಲ ಅಷ್ಟೆ. ಸಂಜೆ ಇಂದಿರಾನಗರದಲ್ಲಿ ಮೆಟ್ರೊ ಇಳಿದು, ತರಕಾರಿ ತಗೊಂಡು, ಮೆಟ್ಟಿಲು ಹತ್ತಿ ಬೀಗ ತೆಗೆದರೆ, ಬೆಳಗ್ಗೆ ನಾನು ಕುಡಿದಿಟ್ಟ ಲೋಟ ಇಟ್ಟಲ್ಲೇ ಇರುತ್ತದೆ. ಎಷ್ಟೋ ಸಲ ಆ ಲೋಟ ನೋಡಿಯೇ ಸಿಟ್ಟು ಬಂದಿದೆ.

ಶಿವಾಜಿನಗರದವಳು ಸಿಕ್ಕ ಮೇಲೆ ಸಂಜೆ ಏಳಕ್ಕೆ ಫೋನು ಬರತೊಡಗಿತು. "ಅಕ್ಕಾ, ಒಂದ್ ಎಡವಟ್ಟಾಗಿದೆ" ಎಂದೇ ಶುರು. ಹೆಚ್ಚಾಗಿ ಕಾಗದಪತ್ರದ ಎಡವಟ್ಟು. ಯಾರದೋ ಟಿ.ಸಿ.ಯಲ್ಲಿ ಹುಟ್ಟಿದ ತಾರೀಖು ಒಂದು, ಆಧಾರಿನಲ್ಲಿ ಇನ್ನೊಂದು. ಯಾರದೋ ಹೆಸರಿನ ಸ್ಪೆಲಿಂಗು ಮೂರು ಕಡೆ ಮೂರು ತರ. ಇಂಥದ್ದರಲ್ಲಿ ನಾನು ಎತ್ತಿದ ಕೈ. ಯಾವ ಕಚೇರಿ, ಯಾವ ಅರ್ಜಿ, ಯಾವ ಗುಮಾಸ್ತರು ಎಷ್ಟು ಹೊತ್ತಿಗೆ ಸೀಟಿನಲ್ಲಿರುತ್ತಾರೆ, ಎಲ್ಲ ನನ್ನ ಬೆರಳ ತುದಿಯಲ್ಲಿತ್ತು. ಎರಡು ದಿನದಲ್ಲಿ ಸರಿಮಾಡಿಸಿ ಕೊಡುತ್ತಿದ್ದೆ. ಕೆಲಸದ ಮಾತು ಐದು ನಿಮಿಷ. ಆಮೇಲೆ ಅವಳು ಊಟಕ್ಕೇನು ಮಾಡಿದಿರಿ ಎಂದು ಕೇಳುತ್ತಿದ್ದಳು. ಮೊಸರನ್ನ ಎಂದು ನಾಲ್ಕು ದಿನ ಹೇಳಿದ ಮೇಲೆ ನಾಚಿಕೆಯಾಗಿ ಹುಳಿ ಮಾಡತೊಡಗಿದೆ. ಅವಳು ಕೇಳುತ್ತಾಳೆ, ಹೇಳಲಿಕ್ಕೆ ಏನಾದರೂ ಇರಲಿ ಎಂದೇ ಮಾಡುತ್ತಿದ್ದೆ.

ಈಗ ಅಪ್ಪನ ವಿಷಯ ಹೇಳಬೇಕು. ಅಪ್ಪ ನಮ್ಮ ಮನೆ ಹತ್ತಿರದ ವಿಮಾನದ ಕಾರ್ಖಾನೆಯಲ್ಲಿ ತಪಾಸಣೆಯ ವಿಭಾಗದಲ್ಲಿದ್ದವರು. ಅವರ ಕಿಸೆಯಲ್ಲಿ ಯಾವಾಗಲೂ ದಾರ ಪೋಣಿಸಿದ ಕೆಂಪು ಚೀಟಿಗಳಿರುತ್ತಿದ್ದವು. ಭಾಗವೊಂದರಲ್ಲಿ ದೋಷ ಕಂಡರೆ ಅದಕ್ಕೆ ಚೀಟಿ ಕಟ್ಟಬೇಕು. ಅಪ್ಪ ಹೇಳುತ್ತಿದ್ದದ್ದು, ತಮ್ಮ ಸೆಕ್ಷನ್ನಿನಲ್ಲಿ ಭಾಗ ಮಾಡಿದವನೇ ಬಂದು ಚೀಟಿ ಕೇಳಿ ಕಟ್ಟುತ್ತಿದ್ದ, ಕಟ್ಟಿದವನಿಗೆ ಯಾರೂ ಬೈಯುತ್ತಿರಲಿಲ್ಲ ಎಂದು. ತಪ್ಪು ಮಾಡಿದವನಿಗೆ ಬೈಯಬಾರದು, ಬಚ್ಚಿಟ್ಟವನಿಗೆ ಬೈಯಬೇಕು, ಮೇಲೆ ಹಾರುವವನು ಬಚ್ಚಿಟ್ಟವನನ್ನು ನಂಬಿ ಹಾರಿರುತ್ತಾನೆ ಎನ್ನುವರು. ನಾನು ಚಿಕ್ಕವಳಿದ್ದಾಗ ಹಾಲು ಉಕ್ಕಿಸಿದರೆ ಒಂದು ಕೆಂಪು ಚೀಟಿ ತಂದು ಅವರ ಕೈಗೆ ಕೊಡುತ್ತಿದ್ದೆ. ಅವರು ನಗುತ್ತಿದ್ದರು, ಬೈಗುಳ ತಪ್ಪುತ್ತಿತ್ತು.

ಶಿವಾಜಿನಗರದವಳ ವರದಿ ಓದಿದ ಹುರುಪಿನಲ್ಲಿ ಅಪ್ಪನ ಚೀಟಿ ನೆನಪಾಗಿ, ಕಚೇರಿಯಲ್ಲಿ ಒಂದು ಪದ್ಧತಿ ಶುರು ಮಾಡಿದೆ. ತಿಂಗಳ ಮೊದಲ ಸೋಮವಾರ ಎಲ್ಲ ಕೇಂದ್ರದವರೂ ಕುಕ್ ಟೌನಿಗೆ ಬರಬೇಕು, ಒಬ್ಬೊಬ್ಬರೂ ತಮ್ಮ ಒಂದು ತಪ್ಪು ಹೇಳಬೇಕು. ಫ್ರೇಜರ್ ಟೌನಿನ ಬೇಕರಿಯಿಂದ ನಾನು ಇಡೀ ದಿಲ್‌ಪಸಂದ್ ತರುತ್ತಿದ್ದೆ. ಒಳಗೆ ಸಿಹಿ ಕೊಬ್ಬರಿಯೂ ಟೂಟಿ ಫ್ರೂಟಿಯೂ ತುಂಬಿದ, ತಟ್ಟೆಯಗಲದ ಚಪ್ಪಟೆ ತಿಂಡಿ ಅದು. ಎಲ್ಲರಿಗಿಂತ ದೊಡ್ಡ ತಪ್ಪು ಹೇಳಿದವರಿಗೆ ಮೊದಲ ತುಂಡು. ಮೊದಲ ಸಭೆಯಲ್ಲಿ ನಾನು ಎದ್ದು ನಿಂತು, ಹೆದರಬೇಡಿ, ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ, ಇದು ನನ್ನ ಮಾತು ಎಂದು ಭರವಸೆ ಕೊಟ್ಟೆ. ಗಂಟಲು ಗಟ್ಟಿಮಾಡಿಯೇ ಕೊಟ್ಟೆ.

ಮೊದಮೊದಲು ಯಾರೂ ಬಾಯಿ ಬಿಡಲಿಲ್ಲ. ಶಿವಾಜಿನಗರದವಳು ಬಿಟ್ಟಳು. ಅವಳು ಹೇಳುವುದನ್ನು ಕೇಳಿ ಉಳಿದವರಿಗೂ ಧೈರ್ಯ ಬಂತು. ಸುಮಾರು ಒಂದು ವರ್ಷ ಆ ಸೋಮವಾರಗಳು ಎಷ್ಟು ಚೆನ್ನಾಗಿದ್ದವು ಅಂದರೆ, ನಾನು ಭಾನುವಾರ ರಾತ್ರಿ ಸೀರೆ ಇಸ್ತ್ರಿ ಮಾಡಿಟ್ಟುಕೊಳ್ಳುತ್ತಿದ್ದೆ. ಹಲಸೂರಿನವರ ಎಡವಟ್ಟು ಕೇಳಿ ಕೆ.ಆರ್. ಪುರದವರು ತಮ್ಮದು ತಿದ್ದಿಕೊಂಡರು. ನಗು, ಕೀಟಲೆ, ಒಬ್ಬರ ಕಾಲು ಒಬ್ಬರು ಎಳೆಯುವುದು. ಆ ಕೋಣೆಯಲ್ಲಿ ಕೂತಾಗ ನನಗೆ ಒಂಟಿ ಅನ್ನಿಸುತ್ತಿರಲಿಲ್ಲ.

ಆದರೆ ನಾನು ಓದಿದವಳು ನೋಡಿ, ಸುಮ್ಮನೆ ಕೇಳಿಸಿಕೊಳ್ಳಲು ಬರುವುದಿಲ್ಲ. ಬರೆದುಕೊಂಡೆ. ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತಾರೀಖು, ಹೆಸರು, ತಪ್ಪು ಎಂದು ಮೂರು ಕಾಲಂ. ತಿಂಗಳ ಕೊನೆಗೆ ಅದನ್ನು ನೀಟಾಗಿ ಟೈಪು ಮಾಡಿ, ಎಲ್ಲರೂ ತೆರೆದು ನೋಡಬಹುದಾದ ಕಚೇರಿಯ ಕಡತದಲ್ಲಿ ಇಟ್ಟೆ. ದಾಖಲೆ ಇಲ್ಲದ ಕಲಿಕೆ ಕಲಿಕೆಯೇ ಅಲ್ಲ ಎಂದು ತರಬೇತಿಯಲ್ಲಿ ಬೇರೆಯವರಿಗೆ ಪಾಠ ಹೇಳುವವಳು ನಾನೇ ಅಲ್ಲವೇ. ಇಲ್ಲಿ ಹೇಳಿದ್ದು ಇಲ್ಲೇ ಇರುತ್ತದೆ ಎಂದ ಬಾಯಿ ಒಂದು, ಟೈಪು ಮಾಡಿದ ಕೈ ಇನ್ನೊಂದು. ಎರಡೂ ನನ್ನವೇ ಎಂಬುದು ಆಗ ಹೊಳೆಯಲಿಲ್ಲ.

ಒಂದು ಸೋಮವಾರ ಅವಳು ಎಂದಿನ ಹಾಗೆ ನಗುತ್ತ ಶುರು ಮಾಡಲಿಲ್ಲ. ಆರು ಹುಡುಗಿಯರ ವಿಷಯ. ಒಬ್ಬಳಿಗೆ ಕೈಗೂಸು, ಒಬ್ಬಳಿಗೆ ಹಾಸಿಗೆ ಹಿಡಿದ ಅಜ್ಜಿ, ಹೀಗೆ ಒಂದೊಂದು ಕಾರಣಕ್ಕೆ ಮೂರು ಗಂಟೆಗೂ ಮನೆ ಬಿಟ್ಟು ಬರಲಾಗದವರು. ಇವಳು ಬೆಳಗ್ಗೆ ಏಳಕ್ಕೇ ಹೊರಟು ಒಬ್ಬೊಬ್ಬರ ಮನೆಗೂ ಹೋಗಿ ಪಾಠ ಹೇಳಿ ಬರುತ್ತಿದ್ದಳು. ಫಾರಂನಲ್ಲಿ ಕೇಂದ್ರಕ್ಕೆ ಬಂದವರ ಚೌಕ ಇದೆ, ಮನೆಯಲ್ಲಿ ಕಲಿತವರ ಚೌಕ ಇಲ್ಲ. ಹಾಗಾಗಿ ಕೇಂದ್ರಕ್ಕೆ ಬಂದರೆಂದೇ ಹಾಜರಿ ಹಾಕಿದ್ದಳು.

"ಪಾಠ ಆಗಿದೆ ಅಕ್ಕಾ, ಅದ್ರಲ್ಲಿ ಮೋಸ ಇಲ್ಲ. ಆದ್ರೆ ಬರ್ದೇ ಇರೋರ್ನ ಬಂದ್ರು ಅಂತ ಹಾಕಿದೀನಿ. ಅದು ಸುಳ್ಳೇ ತಾನೆ?" ಎಂದಳು.

ಆ ಹೊತ್ತಿಗೆ ನಾನು ಹೇಳಬೇಕಾದ ಮಾತು ಒಂದೇ. ಸುಳ್ಳು ನಿನ್ನದಲ್ಲ, ಫಾರಂನದು, ಫಾರಂ ನನ್ನದು. ಮೊದಲ ದಿನವೇ ಅವಳು ಇಲ್ಲ ಎಂದ ಚೌಕ ಇದೇ ಎಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಹೇಳಲಿಲ್ಲ. ಇಂಥ ಧೈರ್ಯ ಎಲ್ಲರಿಗೂ ಬರಲಿ ಎಂದು ಭಾಷಣ ಬಿಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲ ತುಂಡು ಅವಳಿಗೆ ಹೋಯಿತು. ನಾನು ನೋಟ್‌ಬುಕ್ಕಿನ ಮೂರನೇ ಕಾಲಂನಲ್ಲಿ ಬರೆದೆ: ಕೇಂದ್ರಕ್ಕೆ ಬಾರದವರಿಗೆ ಹಾಜರಿ ಹಾಕಿದ್ದು. ಕಾಲಂ ಕಿರಿದಾಗಿತ್ತು, ಕಾರಣ ಬರೆಯಲು ಜಾಗವಿರಲಿಲ್ಲ. ಫಾರಂಗೆ ಚೌಕ ಸೇರಿಸಬೇಕು ಎಂದುಕೊಂಡೆ, ಮುಂದಿನ ತಿಂಗಳಿಗೆ ನೂಕಿದೆ.

ಅಷ್ಟರಲ್ಲಿ ಮುಖ್ಯ ಕಚೇರಿಯಿಂದ ಹೊಸ ವ್ಯವಸ್ಥೆ ಬಂತು. ಇನ್ನು ಮುಂದೆ ಪ್ರತಿಯೊಬ್ಬರ ಕೆಲಸಕ್ಕೂ ಒಂದರಿಂದ ಐದರವರೆಗೆ ಅಂಕ. ಅಂಕಕ್ಕೆ ಪುರಾವೆ ಬೇಕು. ಎರಡಕ್ಕಿಂತ ಕಡಿಮೆ ಬಂದವರ ಕರಾರು ಮಾರ್ಚಿ ಕಳೆದ ಮೇಲೆ ಮುಂದುವರಿಯುವುದಿಲ್ಲ. ಪುರಾವೆ ಎಲ್ಲಿದೆ ಎಂದು ಹುಡುಕಿದವರಿಗೆ ಕಚೇರಿಯ ಕಡತದಲ್ಲಿ ಹೆಸರು, ತಾರೀಖು ಸಮೇತ ಒಪ್ಪವಾಗಿ ಸಿಕ್ಕಿತು.

ಅಂಕ ತಾಳೆ ನೋಡುವ ಸಭೆ ಪರದೆಯ ಮೇಲೆ ನಡೆಯಿತು. ಇತ್ತ ನಾನು, ನಮ್ಮ ನಿರ್ದೇಶಕರು. ಅವರು ನನಗಿಂತ ಹದಿನೈದು ವರ್ಷ ಚಿಕ್ಕವರು, ಒಳ್ಳೆಯ ಮನುಷ್ಯ. ಇದನ್ನು ಬರೆಯಲೇಬೇಕು, ಯಾಕೆಂದರೆ ಈ ಕತೆಯಲ್ಲಿ ಕೆಟ್ಟವರನ್ನು ಹುಡುಕಿದರೆ ನನ್ನನ್ನು ಬಿಟ್ಟು ಇನ್ನೊಬ್ಬರು ಸಿಗುವುದಿಲ್ಲ. ಅತ್ತ ಮುಖ್ಯ ಕಚೇರಿಯ ಹೆಂಗಸು, ನಗುಮುಖದವಳು. ಅವಳು ಮೊದಲು ನನ್ನ ಅಂಕ ಓದಿದಳು. ಐದಕ್ಕೆ ಐದು. ತಪ್ಪು ಹೇಳುವ ಸೋಮವಾರದಂಥ ಪದ್ಧತಿ ಬೇರೆ ಯಾವ ದೇಶದ ಕಚೇರಿಯಲ್ಲೂ ಇಲ್ಲ, ಇದನ್ನು ಎಲ್ಲ ಕಡೆ ಜಾರಿ ಮಾಡುತ್ತೇವೆ ಎಂದು ಹೊಗಳಿದಳು. ಐವತ್ತು ದಾಟಿದ ಮೇಲೆ, ಆ ಉಗ್ರಾಣದ ಕೋಣೆಯಲ್ಲಿ ಕೂತು ಕೂತು ಬೆನ್ನು ಬಾಗಿದ ಮೇಲೆ, ಮೊದಲ ಸಲ ಯಾರೋ ನನ್ನನ್ನು ಬಾಯಿ ತುಂಬ ಹೊಗಳಿದ್ದು. ನಾನು ಎಷ್ಟು ಹಸಿದಿದ್ದೆ ಎಂದು ನನಗೇ ಗೊತ್ತಿರಲಿಲ್ಲ.

ಅದೇ ಉಸಿರಿನಲ್ಲಿ ಅವಳು ಪಟ್ಟಿಯ ಕೆಳಗೆ ಬಂದಳು. ಯಾವ ಸೋಮವಾರವೂ ದೊಡ್ಡದೇನನ್ನೂ ಹೇಳದೆ ದಿಲ್‌ಪಸಂದ್ ಮಾತ್ರ ತಿಂದು ಹೋದವರಿಗೆಲ್ಲ ನಾಲ್ಕು. ಎಲ್ಲರಿಗಿಂತ ಹೆಚ್ಚು ತಪ್ಪು ಒಪ್ಪಿಕೊಂಡ ಶಿವಾಜಿನಗರದವಳಿಗೆ ಒಂದು. ಹಾಜರಾತಿ ತಿದ್ದಿದ್ದು ಗಂಭೀರ ವಿಷಯ ಎಂದಳು.

ನಿರ್ದೇಶಕರು ನನ್ನ ಕಡೆ ತಿರುಗಿದರು. "ಇದು ನಿಮ್ಮ ನೋಟ್ಸ್ ಅಲ್ವಾ ಮೇಡಂ? ಏನಾದ್ರೂ ಹೇಳೋದಿದ್ರೆ ಈಗ್ಲೇ ಹೇಳ್ಬಿಡಿ."

ಬಾಗಿಲು ತೆರೆದು ಕೊಟ್ಟಿದ್ದರು. ಅವಳ ಬಾಯಿಂದ ಕೇಳಿದ್ದನ್ನು ಮರೆತೆ ಎಂದು ಹೇಳುವಂತೆಯೂ ಇಲ್ಲ. ಆ ಫಾರಂ ಮಾಡಿದ್ದು ನಾನು, ಚೌಕ ಬಿಟ್ಟಿದ್ದು ನಾನು, ಅವಳು ಮನೆಮನೆಗೆ ಹೋಗಿ ಪಾಠ ಹೇಳಿದ್ದಾಳೆ. ಮೂರು ಮಾತು ಸಾಕಿತ್ತು. ಪರದೆಯ ಮೂಲೆಯಲ್ಲಿ ನನ್ನ ಹೆಸರಿನ ಮುಂದೆ ಐದು ಎಂಬ ಅಂಕೆ ಇನ್ನೂ ಕಾಣುತ್ತಿತ್ತು. ನೋಟ್ಸ್ ಸರಿಯಾಗಿದೆ ಎಂದೆ. ಅದು ನಿಜವೇ. ನಿಜ ಹೇಳಿಯೂ ಒಬ್ಬರ ಕುತ್ತಿಗೆ ಕೊಯ್ಯಬಹುದು ಎಂದು ಅವತ್ತು ಕಲಿತೆ.

ಮಾರ್ಚಿಯ ಕೊನೆಯ ವಾರ ಅವಳು ರಿಜಿಸ್ಟರುಗಳನ್ನು ಒಪ್ಪಿಸಲು ಕುಕ್ ಟೌನಿಗೆ ಬಂದಳು. ಒಂದೊಂದಕ್ಕೂ ನನ್ನಿಂದ ಸಹಿ ಹಾಕಿಸಿಕೊಂಡಳು. ಅವಳು ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತು, ಮೆತ್ತಗೆ ಕೇಳಿದಳು.

"ಆ ಚೌಕ ಇಲ್ದೇ ಇದ್ದಿದ್ದು ನಿಮ್ ಫಾರಂನಲ್ಲಿ ಅಂತ ಅವ್ರಿಗೆ ಹೇಳಿದ್ರಾ ಅಕ್ಕಾ?"

ಇಲ್ಲ ಎಂದೆ. ಅವಳು ತಲೆಯಾಡಿಸಿದಳು, ಲೆಕ್ಕದ ಉತ್ತರ ತಾಳೆಯಾಯಿತು ಅನ್ನುವ ಹಾಗೆ. ಮೆಟ್ಟಿಲಿಳಿದು ಹೋದಳು. ಅವಳ ಬಾಯಿಂದ ಅಕ್ಕಾ ಎಂದು ಕೇಳಿದ್ದು ಅದೇ ಕೊನೆ.

ಏಳು ಗಂಟೆಯ ಫೋನು ನಿಂತಿತು. ಹುಳಿ ಮಾಡುವುದೂ ನಿಂತಿತು. ನಾನೇ ಮಾಡೋಣವೆಂದು ಎಷ್ಟೋ ಸಂಜೆ ಫೋನು ಕೈಗೆತ್ತಿಕೊಂಡು, ಏನು ಹೇಳುವುದು ಎಂದು ತೋಚದೆ ಇಟ್ಟಿದ್ದೇನೆ. ಕೆಳಗೆ ಮಾರ್ಕೆಟ್ ರಸ್ತೆಯಲ್ಲಿ ಜನ ಚೌಕಾಸಿ ಮಾಡುವುದು, ಸ್ಕೂಟರಿನ ಹಾರನ್ನು, ಎಲ್ಲ ಕೇಳುತ್ತಿತ್ತು. ಇಷ್ಟು ಜನರ ನಡುವೆ ಒಂದು ಮನೆಯಲ್ಲಿ ಇಷ್ಟು ಮೌನ ಇರಬಹುದು ಎಂದು ನಂಬುವುದು ಕಷ್ಟ.

ಸೋಮವಾರಗಳು ಮಾತ್ರ ನಿಲ್ಲಲಿಲ್ಲ. ಮುಖ್ಯ ಕಚೇರಿ ಮೆಚ್ಚಿದ ಪದ್ಧತಿ, ನಿಲ್ಲಿಸುವುದು ಹೇಗೆ? ಎಲ್ಲರೂ ಬರುತ್ತಿದ್ದರು, ಕೂರುತ್ತಿದ್ದರು, ಈ ತಿಂಗಳು ಏನೂ ಇಲ್ಲ ಮೇಡಂ ಎನ್ನುತ್ತಿದ್ದರು. ಒಬ್ಬರು, ಅತಿಯಾಗಿ ಕೆಲಸ ಮಾಡುವುದೇ ನನ್ನ ತಪ್ಪು ಎಂದು ಗಂಭೀರವಾಗಿ ಹೇಳಿದರು. ನಾನು ಪೆನ್ನು ತೆಗೆದರೆ ಎಲ್ಲರ ಕಣ್ಣೂ ಪೆನ್ನಿನ ಮೇಲೆ. ಅವರನ್ನು ಬೈಯುವ ಯೋಗ್ಯತೆ ನನಗೆಲ್ಲಿತ್ತು? ಮಾಡಿದ್ದುಣ್ಣೋ ಮಹಾರಾಯ. ಕತ್ತರಿಸದ ದಿಲ್‌ಪಸಂದನ್ನು ಅದೇ ಡಬ್ಬಿಯಲ್ಲಿ ಮನೆಗೆ ತಂದು, ಎರಡು ದಿನ ಕಾಫಿಯ ಜೊತೆ ಒಬ್ಬಳೇ ತಿನ್ನುತ್ತಿದ್ದೆ. ಮೂರನೇ ದಿನಕ್ಕೆ ಇರುವೆ ಹತ್ತುತ್ತಿತ್ತು.

ಆ ಮಳೆಗಾಲದಲ್ಲಿ ಒಂದು ದಿನ ರೇನ್‌ಕೋಟು ಹುಡುಕುತ್ತ ಅಪ್ಪನ ಟ್ರಂಕು ತೆಗೆದೆ. ತಳದಲ್ಲಿ ಒಂದು ಕೆಂಪು ಚೀಟಿ ಸಿಕ್ಕಿತು, ದಾರ ಸಮೇತ. ಚಿಕ್ಕಂದಿನಲ್ಲಿ ನೂರು ಸಲ ಕೈಯಲ್ಲಿ ಹಿಡಿದ ಚೀಟಿ, ಒಂದು ಸಲವೂ ಓದಿರಲಿಲ್ಲ. ನಾಲ್ಕು ಸಾಲು ಅಚ್ಚಾಗಿತ್ತು. ಭಾಗದ ಸಂಖ್ಯೆ. ದೋಷ ಏನು. ಯಾವ ಹಂತದಲ್ಲಿ ಕಂಡಿತು. ಮುಂದೆ ಏನು ಮಾಡಬೇಕು. ತಿರುಗಿಸಿ ಹಿಂದೆ ನೋಡಿದೆ, ಖಾಲಿ. ಮಾಡಿದವನ ಹೆಸರು ಬರೆಯಲು ಚೀಟಿಯಲ್ಲಿ ಜಾಗವೇ ಇರಲಿಲ್ಲ. ಅದಕ್ಕೇ ಅವರು ತಾವಾಗಿ ಬಂದು ಕಟ್ಟುತ್ತಿದ್ದರು. ಅಪ್ಪನ ಇಡೀ ವಿದ್ಯೆಯಲ್ಲಿ ನಾನು ಕಲಿತದ್ದು ಚೀಟಿಯ ಬಣ್ಣ ಮಾತ್ರ. ಟ್ರಂಕಿನ ಮುಂದೆ ನೆಲದ ಮೇಲೆ ಕೂತು ಅತ್ತೆ, ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.

ಮಾರನೆಯ ಬೆಳಗ್ಗೆ ನಿರ್ದೇಶಕರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಚೌಕದ ವಿಷಯ, ಆರು ಹುಡುಗಿಯರ ವಿಷಯ, ಅವತ್ತು ಯಾಕೆ ಬಾಯಿಗೆ ಬೀಗ ಹಾಕಿಕೊಂಡೆ ಎಂಬ ವಿಷಯವನ್ನೂ. ಅವರು ತಡೆಯದೆ ಕೇಳಿಸಿಕೊಂಡರು. ಅವಳ ಜಾಗಕ್ಕೆ ಬೇರೆಯವರು ಬಂದಾಗಿದೆ, ಈಗ ಏನೂ ಮಾಡಲಾಗದು ಎಂದು ಬೇಸರದಿಂದಲೇ ಹೇಳಿದರು. ಕಡತದಿಂದ ಎಲ್ಲರ ಹೆಸರನ್ನೂ ಅವತ್ತೇ ತೆಗೆಸಿದರು. ಫಾರಂಗೆ ಚೌಕ ಸೇರಿಸಲು ಒಪ್ಪಿಗೆ ಕೊಟ್ಟರು. ಆಮೇಲೆ ಹೇಳಿದರು, "ಇದು ತುಂಬಾ ಒಳ್ಳೆ ಲರ್ನಿಂಗ್ ಮೇಡಂ. ಈ ಸಲದ ವರದಿಯ ಕೊನೇ ಚೌಕದಲ್ಲಿ ಹಾಕಿ." ನನಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ. ನನ್ನ ಚೌಕ, ನನಗೇ ವಾಪಸು ಬಂತು.

ಆ ಶನಿವಾರ ಮಧ್ಯಾಹ್ನ ಬೇಕರಿಯಲ್ಲಿ ಒಂದು ದಿಲ್‌ಪಸಂದ್ ಕಟ್ಟಿಸಿಕೊಂಡು ಅವಳ ಮನೆಗೆ ಹೋದೆ. ಯಾವ ಮುಖ ಇಟ್ಟುಕೊಂಡು ಹೋದೆ ಎಂದು ಕೇಳಬೇಡಿ. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲೇ ಮನೆ. ಹೊಸ್ತಿಲ ಹೊರಗೆ ಏಳೆಂಟು ಜೊತೆ ಚಪ್ಪಲಿ. ಒಳಗೆ ಹುಡುಗಿಯರು ಚಾಪೆಯ ಮೇಲೆ ಸಾಲಾಗಿ ಕೂತು ಲೆಕ್ಕ ಮಾಡುತ್ತಿದ್ದರು. ಒಬ್ಬಳ ತೊಡೆಯ ಮೇಲೆ ಕೂಸು ಮಲಗಿತ್ತು. ಕೆಲಸ ಹೋದರೂ ಅವಳು ಕೆಲಸ ಬಿಟ್ಟಿರಲಿಲ್ಲ. ನನ್ನನ್ನು ನೋಡಿ ಎದ್ದು, ತಲೆಯ ಮೇಲಿನ ದುಪ್ಪಟ್ಟಾ ಸರಿಮಾಡಿಕೊಂಡು, "ಬನ್ನಿ ಮೇಡಂ" ಎಂದಳು.

ಮೇಡಂ.

ಪಕ್ಕದ ಚಿಕ್ಕ ಕೋಣೆಯಲ್ಲಿ ಕೂರಿಸಿದಳು. ಟೀ ಬರುವ ಮೊದಲೇ ಹೇಳಿಬಿಟ್ಟೆ, ಇಲ್ಲದಿದ್ದರೆ ಧೈರ್ಯ ಆರಿಹೋಗುತ್ತಿತ್ತು. ತಪ್ಪು ನಿನ್ನದಲ್ಲ, ನನ್ನದು, ನಿರ್ದೇಶಕರಿಗೆ ಹೇಳಿದ್ದೇನೆ, ಆದರೆ ತಡವಾಗಿ ಹೇಳಿದ್ದೇನೆ, ಐದು ಅಂಕಕ್ಕೆ ನಿನ್ನನ್ನು ಬಿಟ್ಟುಕೊಟ್ಟೆ. ಹೇಳುವಾಗ ಅಪ್ಪನ ಚೀಟಿಯನ್ನೂ ಪರ್ಸಿನಿಂದ ತೆಗೆದು ತೋರಿಸಿದೆ. ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಜೋಪಾನವಾಗಿ ನನ್ನ ಕೈಗೇ ಕೊಟ್ಟಳು. ಎದ್ದು ಹೋಗಿ ಚಾಕುವನ್ನೂ ತಟ್ಟೆಯನ್ನೂ ತಂದಳು. ನಾನು ತಂದ ಡಬ್ಬಿ ಬಿಚ್ಚಿ ದಿಲ್‌ಪಸಂದ್ ಕತ್ತರಿಸಿ, ಒಂದು ತುಂಡು ತಟ್ಟೆಯಲ್ಲಿಟ್ಟು ನನ್ನ ಮುಂದೆ ಹಿಡಿದಳು.

"ತಗೊಳ್ಳಿ. ತಪ್ಪು ಹೇಳ್ದೋರಿಗೆ ಮೊದಲ್ನೇದು."

ಅಣಕವಿರಲಿಲ್ಲ ಅವಳ ದನಿಯಲ್ಲಿ. ನಿಯಮ ಪಾಲಿಸಿದಳು. ತಗೊಂಡೆ.

ಆ ಹೊತ್ತಿಗೆ ಒಬ್ಬ ಹುಡುಗಿ ಕೈಯಲ್ಲಿ ಕಾಗದ ಹಿಡಿದು ಬಾಗಿಲಿಗೆ ಬಂದಳು. ಅಳು ಬರುವ ಮುಖ. ಪರೀಕ್ಷೆಯ ಅರ್ಜಿ ವಾಪಸು ಬಂದಿದೆ, ಟಿ.ಸಿ.ಯಲ್ಲಿರುವ ಹುಟ್ಟಿದ ತಾರೀಖಿಗೆ ತಾಳೆಯಾಗುತ್ತಿಲ್ಲವಂತೆ, ಸೋಮವಾರವೇ ಕೊನೆಯ ದಿನವಂತೆ ಎಂದು ದಖ್ನಿಯಲ್ಲಿ ಹೇಳಿದಳು. ಕಂಟೋನ್ಮೆಂಟಿನ ಈ ಪೇಟೆಗಳಲ್ಲಿ ಇಷ್ಟು ವರ್ಷ ಓಡಾಡಿದವಳಿಗೆ ಅಷ್ಟು ದಖ್ನಿ ಅರ್ಥವಾಗುತ್ತದೆ. ನನ್ನ ಮೈ ನೆಟ್ಟಗಾಯಿತು. ಇದು ನನ್ನ ಕೈಯಲ್ಲಾಗುವ ಕೆಲಸ. ಯಾರಿಗೆ ಫೋನು ಮಾಡಬೇಕು, ಯಾವ ಅರ್ಜಿ ಬರೆಯಬೇಕು, ಎಲ್ಲ ಆಗಲೇ ತಲೆಯಲ್ಲಿ ಸಾಲುಗಟ್ಟಿತ್ತು. ಶಿವಾಜಿನಗರದವಳು ಒಂದು ಮಾತು ಅಂದರೆ ಸಾಕು, ಅಲ್ಲೇ ಕೂತು ಬರೆದುಕೊಡುತ್ತಿದ್ದೆ. ಸೋಮವಾರ ಬೆಳಗ್ಗೆ ಆ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದೆ.

ಅವಳು ಕಾಗದವನ್ನು ಹುಡುಗಿಯ ಕೈಯಿಂದ ತಗೊಂಡು, ಎರಡು ಮಡಿಕೆ ಮಾಡಿ, ಪಕ್ಕದಲ್ಲಿದ್ದ ಪುಸ್ತಕದ ಕೆಳಗಿಟ್ಟಳು. ಆಮೇಲೆ ನೋಡೋಣ, ಹೋಗಿ ಕೂತ್ಕೊ ಎಂದು ಅವಳನ್ನು ಒಳಗೆ ಕಳಿಸಿದಳು.

"ಏನಾದ್ರೂ ಎಡವಟ್ಟಾ?" ಎಂದು ಕೇಳಿದೆ. ಆ ಪದವನ್ನು ಅವಳಿಂದಲೇ ಕಲಿತದ್ದು.

ಅವಳು ನನ್ನ ಮುಖವನ್ನು ನೋಡಿದಳು. ದ್ವೇಷವಿಲ್ಲ, ಸಿಟ್ಟಿಲ್ಲ. ಒಂಬತ್ತು ಕೇಂದ್ರಗಳ ಹಸಿರು ವರದಿ ಓದಿ ಓದಿ ನನಗೆ ಚೆನ್ನಾಗಿ ಗೊತ್ತಿದ್ದ ಒಂದು ನಗು ನಕ್ಕಳು.

"ಏನಿಲ್ಲ ಮೇಡಂ. ಇಲ್ಲಿ ಎಲ್ಲಾ ಚೆನ್ನಾಗಿದೆ. ಹಂಗೇ ಬರ್ಕೊಳ್ಳಿ."

ನನ್ನ ಕೈಯಲ್ಲಿ ಪೆನ್ನೂ ಇರಲಿಲ್ಲ, ನೋಟ್‌ಬುಕ್ಕೂ ಇರಲಿಲ್ಲ. ದಿಲ್‌ಪಸಂದಿನ ತುಂಡು ಇತ್ತು, ಅದನ್ನು ತಿಂದು ಮುಗಿಸಿ ಎದ್ದೆ.